ಮಾತ್ರೆ ಬಿಟ್ಟು ಏಳು ತಿಂಗಳಾಗಿದೆ, ಮದ್ಯ ಮುಟ್ಟಬಹುದೇ?

ನಿದ್ದೆಗೆ ಕಾದವ

ಎಲ್ಲರಿಗೂ ನಮಸ್ಕಾರ. ಆತಂಕ ಮತ್ತು ನಿದ್ರಾಹೀನತೆಗಾಗಿ ನಾನು ಆರು ವರ್ಷ ಕ್ಲೋನಜೆಪಾಮ್ ತೆಗೆದುಕೊಂಡೆ. ದಿನಕ್ಕೆ 1.5 ಮಿಲಿಗ್ರಾಂ ಇದ್ದದ್ದನ್ನು ವೈದ್ಯರ ಸಲಹೆಯಂತೆ 14 ತಿಂಗಳ ಕಾಲ ಸ್ವಲ್ಪಸ್ವಲ್ಪವೇ ಇಳಿಸುತ್ತ ಬಂದು, ಕೊನೆಯ ತುಣುಕನ್ನು ನುಂಗಿ ಈಗ ಏಳು ತಿಂಗಳಾಗಿದೆ. ಕೊನೆಕೊನೆಗೆ ಮಾತ್ರೆಯನ್ನು ಬ್ಲೇಡಿನಿಂದ ಕತ್ತರಿಸಿ, ಕಾಗದದ ಮೇಲೆ ಉದುರಿದ ಪುಡಿಯನ್ನೂ ಲೆಕ್ಕಕ್ಕೆ ಹಿಡಿಯುತ್ತಿದ್ದೆ. ಹಾಗಾಗಿ ಈಗ ಸಿಕ್ಕಿರುವ ನೆಮ್ಮದಿ ಎಷ್ಟು ಕಷ್ಟದ ಸಂಪಾದನೆ ಎಂಬುದು ನನಗೆ ಚೆನ್ನಾಗಿ ಗೊತ್ತಿದೆ.

ಹೆಚ್ಚಿನ ತೊಂದರೆಗಳು ತಗ್ಗಿವೆ. ಕಿವಿಯಲ್ಲಿ ಸಣ್ಣಗೆ ಗುಂಯ್‌ಗುಡುವ ಸದ್ದು ಇನ್ನೂ ಇದೆ, ವಾರಕ್ಕೆ ಒಂದೆರಡು ರಾತ್ರಿ ನಡುರಾತ್ರಿಯಲ್ಲಿ ಎಚ್ಚರವಾಗುತ್ತದೆ, ಗದ್ದಲದ ಜಾಗದಲ್ಲಿ ಹೆಚ್ಚು ಹೊತ್ತು ನಿಂತರೆ ತಲೆ ಹಗುರಾದಂತಾಗುತ್ತದೆ. ಮಾತ್ರೆ ಶುರುವಾಗುವ ಮುಂಚೆ ತಿಂಗಳಿಗೆ ಎರಡು ಮೂರು ಬಾರಿ ಗೆಳೆಯರೊಂದಿಗೆ ಕುಡಿಯುತ್ತಿದ್ದೆ. ಕುಡಿತ ಎಂದೂ ನನಗೆ ಚಟವಾಗಿರಲಿಲ್ಲ. ಮುಂದಿನ ಶನಿವಾರ ಹಳೆಯ ಗೆಳೆಯರೆಲ್ಲ ಸೇರುತ್ತಿದ್ದಾರೆ. ವೈದ್ಯರನ್ನು ಕೇಳಿದರೆ "ಕುಡಿಯದಿದ್ದರೆ ಒಳ್ಳೆಯದು" ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಏಕೆ, ಎಷ್ಟು ಕಾಲ ಎಂಬುದನ್ನು ಕೇಳುವ ಹೊತ್ತಿಗೆ ಮುಂದಿನ ರೋಗಿ ಒಳಗೆ ಬಂದಿದ್ದರು. ಮಾತ್ರೆ ಬಿಟ್ಟ ಮೇಲೆ ಮದ್ಯ ಮುಟ್ಟಿದವರು ತಮಗೆ ನಿಜವಾಗಿ ಆದದ್ದನ್ನು ದಯವಿಟ್ಟು ಬರೆಯಬೇಕೆಂದು ವಿನಂತಿ. ಹೆದರಿಸುವ ಮಾತೂ ಬೇಡ, ಸಮಾಧಾನದ ಮಾತೂ ಬೇಡ.

ಖಾಲಿ ಪುಟ

ನಾನು ಅಲ್ಪ್ರಜೋಲಾಮ್ ಬಿಟ್ಟ ಐದನೆಯ ತಿಂಗಳಿನಲ್ಲಿ ಎರಡು ಬಿಯರ್ ಕುಡಿದೆ. ನಡೆದದ್ದನ್ನು ನಡೆದಂತೆಯೇ ಹೇಳುತ್ತೇನೆ.

ಆ ರಾತ್ರಿ ಏನೂ ಆಗಲಿಲ್ಲ. ಏನೂ ಆಗಲಿಲ್ಲ ಎನ್ನುವುದಕ್ಕಿಂತ, ತಿಂಗಳುಗಳಿಂದ ಬಿಗಿದುಕೊಂಡೇ ಇದ್ದ ಹೆಗಲು ಮೊದಲ ಗ್ಲಾಸು ಮುಗಿಯುವ ಮೊದಲೇ ಸಡಿಲವಾಯಿತು, ಕಿವಿಯ ಸದ್ದು ದೂರ ಸರಿಯಿತು, ಎದುರಿಗಿದ್ದವರ ಮಾತು ಸರಾಗವಾಗಿ ತಲೆಗೆ ಹತ್ತತೊಡಗಿತು. ಹಳೆಯ ನಾನು ವಾಪಸು ಬಂದೆನೆಂದುಕೊಂಡು ನೆಮ್ಮದಿಯಿಂದ ಮಲಗಿದೆ. ಮೂರು ಗಂಟೆಗೆ ಯಾರೋ ತಟ್ಟಿ ಎಬ್ಬಿಸಿದಂತೆ ಎಚ್ಚರವಾಯಿತು. ನಾಲಿಗೆ ಒಣಗಿತ್ತು, ಅಂಗಾಲು ಉರಿಯುತ್ತಿತ್ತು, ದಿಂಬಿಗೆ ಒತ್ತಿದ ಕಿವಿಯಲ್ಲಿ ನನ್ನದೇ ಎದೆಬಡಿತ ಕೇಳುತ್ತಿತ್ತು. ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಮರುದಿನ ಸಂಜೆ ಸುಧಾರಿಸಿದಂತೆ ಕಂಡಿತು. ಮೂರನೆಯ ದಿನ ಬೆಳಿಗ್ಗೆ ಮಾತ್ರ, ಡೋಸ್ ಇಳಿಸುವಾಗ ಇದ್ದ ಅದೇ ಆತಂಕ, ಚರ್ಮದಡಿಯ ಅದೇ ಜುಮುಜುಮು, ಬೆಳಕನ್ನು ನೋಡಲಾಗದ ಅದೇ ಕಣ್ಣು, ಎಲ್ಲವೂ ಒಟ್ಟಾಗಿ ಮರಳಿದವು. ಹನ್ನೊಂದು ದಿನ ಹಾಗೆಯೇ ಇದ್ದು ನಂತರ ನಿಧಾನವಾಗಿ ಇಳಿದವು.

ತಪ್ಪಿದ್ದದ್ದು ಕುಡಿದದ್ದರಲ್ಲಿ ಮಾತ್ರವಲ್ಲ, ಫಲಿತಾಂಶವನ್ನು ಆ ರಾತ್ರಿಯೇ ಬರೆದುಬಿಟ್ಟದ್ದರಲ್ಲಿಯೂ ಇತ್ತು ಎಂದು ಈಗ ಅನ್ನಿಸುತ್ತದೆ. ಕುಡಿದ ರಾತ್ರಿ ಹಾಯಾಗಿತ್ತೆಂದು ಯಾರಾದರೂ ಹೇಳಿದರೆ, ಮೂರನೆಯ ದಿನದ ಬೆಳಿಗ್ಗೆ ಹೇಗಿತ್ತೆಂದು ಕೇಳಿ.

ರಾತ್ರಿ ಪಾಳಿ

ನಾನು ಮನೋರೋಗ ವಿಭಾಗದಲ್ಲಿ ಹಲವು ವರ್ಷಗಳಿಂದ ಶುಶ್ರೂಷಕಿಯಾಗಿ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಚಿಕಿತ್ಸೆಯ ತೀರ್ಮಾನ ನಿಮ್ಮ ವೈದ್ಯರದೇ. ಆದರೆ "ಏಕೆ" ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಸಿಗದೇ ಹೋದದ್ದು ನನಗೆ ಬೇಸರ ತಂದಿತು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಮ್ಮ ಮಿದುಳಿನಲ್ಲಿ ನರಕೋಶಗಳ ಅಬ್ಬರವನ್ನು ತಗ್ಗಿಸುವ ಕೆಲಸವನ್ನು ಮುಖ್ಯವಾಗಿ ಗಾಬಾ ಎಂಬ ರಾಸಾಯನಿಕ ಮಾಡುತ್ತದೆ. ಅದು ಕೋಶದ ಮೇಲಿರುವ ಗಾಬಾ-ಎ ಎಂಬ ಗ್ರಾಹಕಕ್ಕೆ (ರಿಸೆಪ್ಟರ್) ಅಂಟಿಕೊಂಡಾಗ ಕ್ಲೋರೈಡ್ ಅಯಾನುಗಳು ಕೋಶದ ಒಳಗೆ ಹೋಗುವ ದಾರಿ ತೆರೆದು ಕೋಶ ಶಾಂತವಾಗುತ್ತದೆ. ಕ್ಲೋನಜೆಪಾಮ್, ಅಲ್ಪ್ರಜೋಲಾಮ್, ಡಯಾಜೆಪಾಮ್, ಲೊರಾಜೆಪಾಮ್ ಇವೆಲ್ಲವೂ ಅದೇ ಗ್ರಾಹಕದ ಇನ್ನೊಂದು ಜಾಗದಲ್ಲಿ ಕುಳಿತು, ಗಾಬಾ ಬಂದಾಗ ಆ ದಾರಿ ಮತ್ತೆ ಮತ್ತೆ ತೆರೆಯುವಂತೆ ಮಾಡುತ್ತವೆ. ಮದ್ಯವೂ ಇದೇ ಗಾಬಾದ ಕೆಲಸಕ್ಕೆ ಒತ್ತಾಸೆ ಕೊಡುತ್ತದೆ, ಅಲ್ಲದೆ ನರಗಳನ್ನು ಚುರುಕುಗೊಳಿಸುವ ಗ್ಲುಟಮೇಟ್ ಎಂಬ ರಾಸಾಯನಿಕದ ಬಾಯಿಯನ್ನೂ ಕಟ್ಟುತ್ತದೆ. ಇವೆರಡರ ನಂಟು ಎಷ್ಟು ಹತ್ತಿರದ್ದೆಂದರೆ, ವಿಪರೀತ ಕುಡಿತ ನಿಲ್ಲಿಸಿದವರಿಗೆ ನಡುಕ ಮತ್ತು ಫಿಟ್ಸ್ ಬಾರದಂತೆ ನಾವು ವಾರ್ಡಿನಲ್ಲಿ ಕೊಡುವುದು ಈ ಗುಂಪಿನ ಔಷಧಿಗಳನ್ನೇ. 1960ರಲ್ಲಿ ಮಾರುಕಟ್ಟೆಗೆ ಬಂದ ಕ್ಲೋರ್‌ಡಯಾಜೆಪಾಕ್ಸೈಡ್, ಈ ಗುಂಪಿನ ಮೊಟ್ಟಮೊದಲ ಔಷಧಿ, ಇಂದಿಗೂ ಆ ಕೆಲಸದಲ್ಲಿದೆ.

ವರ್ಷಗಟ್ಟಲೆ ಹೊರಗಿನಿಂದ ಸಹಾಯ ಸಿಕ್ಕ ಮಿದುಳು ತನ್ನ ಒಳಗಿನ ಏರ್ಪಾಡನ್ನು ಅದಕ್ಕೆ ತಕ್ಕಂತೆ ಬದಲಿಸಿಕೊಂಡಿರುತ್ತದೆ. ಗಾಬಾದ ಮಾತಿಗೆ ಗ್ರಾಹಕಗಳು ಅಷ್ಟಾಗಿ ಓಗೊಡುವುದಿಲ್ಲ, ಉದ್ರೇಕಿಸುವ ಕಡೆ ಬಲಿತಿರುತ್ತದೆ. ಮಾತ್ರೆ ನಿಂತ ಮೇಲೆ ಇದೆಲ್ಲ ಸರಿಹೋಗುವುದಕ್ಕೆ ಕೆಲವರಿಗೆ ವಾರಗಳು ಸಾಕು, ಕೆಲವರಿಗೆ ಹಲವು ತಿಂಗಳುಗಳು ಬೇಕು, ಸ್ವಲ್ಪ ಮಂದಿಗೆ ಅದಕ್ಕಿಂತಲೂ ಹೆಚ್ಚು. ಈ ಅವಧಿಯಲ್ಲಿ ಮದ್ಯ ಒಳಗೆ ಹೋದರೆ ನರಗಳಿಗೆ ಹಳೆಯ ಸಹಾಯವೇ ಮರಳಿ ಬಂದಂತೆ ಕಾಣುತ್ತದೆ. ಕೆಲವು ಗಂಟೆಗಳಲ್ಲಿ ಅದು ಹೊರಟುಹೋದಾಗ ಅವು ಇನ್ನಷ್ಟು ಕೆರಳುತ್ತವೆ.

ಖಾಲಿ ಪುಟ ಅವರು ಬರೆದ ಮೂರು ಗಂಟೆಯ ಎಚ್ಚರಕ್ಕೆ ಕಾರಣವಿದೆ. ಶೇಕಡಾ 5ರ ಬಿಯರಿನ 330 ಮಿಲಿಲೀಟರ್ ಬಾಟಲಿಯಲ್ಲಿ ಸುಮಾರು 13 ಗ್ರಾಂ ಆಲ್ಕೊಹಾಲ್ ಇರುತ್ತದೆ, ಯಕೃತ್ತು ಗಂಟೆಗೆ 7ರಿಂದ 10 ಗ್ರಾಂ ಮಾತ್ರ ಕರಗಿಸಬಲ್ಲದು. ಎರಡು ಬಾಟಲಿ ಕರಗಲು ಮೂರರಿಂದ ನಾಲ್ಕು ಗಂಟೆ ಬೇಕು. ಮದ್ಯ ನಿದ್ದೆಯನ್ನು ಬೇಗ ತರುವುದು ನಿಜ. ಆದರೆ ರಾತ್ರಿಯ ಮೊದಲ ಭಾಗದಲ್ಲಿ ಕನಸಿನ ನಿದ್ದೆಯನ್ನು ಅದುಮಿಟ್ಟು, ರಕ್ತದಿಂದ ಅದು ಇಳಿದುಹೋಗುವ ಎರಡನೆಯ ಭಾಗದಲ್ಲಿ ನಿದ್ದೆಯನ್ನು ಚೂರುಚೂರು ಮಾಡುತ್ತದೆ. ಆರೋಗ್ಯವಂತರಿಗೂ ಹೀಗೆಯೇ ಆಗುತ್ತದೆ. ಅವರು ಮಗ್ಗುಲು ಬದಲಿಸಿ ಮಲಗುತ್ತಾರೆ, ನೀವು ಎದ್ದು ಕುಳಿತುಕೊಳ್ಳುತ್ತೀರಿ.

ಇನ್ನೊಂದು ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಕ್ಲೋನಜೆಪಾಮ್ ರಕ್ತದಲ್ಲಿ ಅರ್ಧಕ್ಕಿಳಿಯಲು 30ರಿಂದ 40 ಗಂಟೆ ಹಿಡಿಯುತ್ತದೆಂದು ಲೆಕ್ಕ ಹಿಡಿದರೆ, ಕೊನೆಯ ಮಾತ್ರೆಯಾದ ಎಂಟು ಹತ್ತು ದಿನಗಳಲ್ಲಿ ಹೆಚ್ಚೂಕಡಿಮೆ ಎಲ್ಲವೂ ಹೊರಹೋಗಿರುತ್ತದೆ. ಡಯಾಜೆಪಾಮ್ ದೇಹದಲ್ಲಿ ಮಾರ್ಪಟ್ಟು ಉಳಿಯುವ ಅಂಶ ವಾರಗಟ್ಟಲೆ ಇರಬಹುದು. ಮಾತ್ರೆ ಇನ್ನೂ ರಕ್ತದಲ್ಲಿರುವಾಗ ಕುಡಿಯುವುದು ಎರಡು ನಿದ್ರಾಜನಕಗಳನ್ನು ಒಂದರ ಮೇಲೊಂದು ಹೇರಿದಂತೆ. ಉಸಿರಾಟವೇ ತಗ್ಗಿ ಜೀವ ಹೋಗುವ ಅಪಾಯ ಅಲ್ಲಿದೆ. ಏಳು ತಿಂಗಳಾದ ನಿಮಗೆ ಆ ಅಪಾಯವಿಲ್ಲ. ನಿಮ್ಮ ಪ್ರಶ್ನೆ ನರಗಳ ಚೇತರಿಕೆಗೆ ಸಂಬಂಧಿಸಿದ್ದು. ಆದರೆ ಇದನ್ನು ಓದುತ್ತಿರುವವರಲ್ಲಿ ಕಳೆದ ವಾರವಷ್ಟೇ ಕೊನೆಯ ಮಾತ್ರೆ ನುಂಗಿದವರೂ ಇರಬಹುದು. ಅವರು ಈ ಎರಡನ್ನು ದಯವಿಟ್ಟು ಒಂದೇ ಎಂದುಕೊಳ್ಳಬಾರದು.

ಮೂರನೆಯ ವರ್ಷ

ಮೇಲಿನ ಬರಹಗಳಿಗೆ ಗೌರವವಿಟ್ಟುಕೊಂಡೇ ಬೇರೆಯ ಅನುಭವವೊಂದನ್ನು ಇಲ್ಲಿ ಸೇರಿಸಬಯಸುತ್ತೇನೆ, ಏಕೆಂದರೆ ಹಾನಿಯಾದವರು ಬರೆಯುತ್ತಾರೆ, ಏನೂ ಆಗದವರು ಬರೆಯುವುದೇ ಅಪರೂಪ.

ನಾನು ಡಯಾಜೆಪಾಮ್ ಬಿಟ್ಟು ಮೂರು ವರ್ಷವಾಯಿತು. ಹದಿನೆಂಟು ತಿಂಗಳು ಒಂದು ಹನಿಯನ್ನೂ ಮುಟ್ಟಲಿಲ್ಲ. ಆಮೇಲೆ ಒಂದು ಮಧ್ಯಾಹ್ನ, ಹೊಟ್ಟೆ ತುಂಬ ಊಟವಾದ ಮೇಲೆ ಅರ್ಧ ಗ್ಲಾಸು ವೈನ್ ಕುಡಿದೆ. ನಂತರ ಒಂದು ವಾರ ಏನನ್ನೂ ಮುಟ್ಟದೆ ಕಾದೆ. ಏನೂ ಆಗಲಿಲ್ಲ. ಈಗ ಎರಡು ತಿಂಗಳಿಗೊಮ್ಮೆ ಒಂದು ಗ್ಲಾಸು ಕುಡಿಯುವುದುಂಟು, ಅದಕ್ಕಿಂತ ಹೆಚ್ಚಿಲ್ಲ. 1982ರಿಂದ 1994ರವರೆಗೆ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಈ ಮಾತ್ರೆಗಳನ್ನು ಬಿಡಿಸುವ ಕ್ಲಿನಿಕ್ ನಡೆಸಿದ ಪ್ರೊಫೆಸರ್ ಹೀದರ್ ಆಷ್ಟನ್ ಅವರೂ ಮದ್ಯದ ಮೇಲೆ ಸಂಪೂರ್ಣ ನಿಷೇಧ ಹೇರಿದವರಲ್ಲ. ಮಾತ್ರೆ ಬಿಟ್ಟ ಜಾಗದಲ್ಲಿ ಮದ್ಯವನ್ನು ತಂದು ಕೂರಿಸಿ ಏರಿಸುತ್ತ ಹೋಗಬಾರದು ಎಂಬುದು ಅವರು ಒತ್ತಿ ಹೇಳಿದ ಮಾತು.

ಭಯದ ಬಗ್ಗೆಯೂ ಒಂದು ಮಾತು. ಗ್ಲಾಸು ಕೈಯಲ್ಲಿ ಹಿಡಿದ ಕ್ಷಣದಿಂದ ಮೈಯನ್ನೇ ಕಾವಲು ಕಾಯುತ್ತ ಕುಳಿತರೆ, ಮದ್ಯದಿಂದ ಆದದ್ದು ಯಾವುದು, ಆತಂಕದಿಂದ ಆದದ್ದು ಯಾವುದು ಎಂದು ಬಿಡಿಸಿ ಹೇಳುವುದೇ ಕಷ್ಟ. ಮಾತ್ರೆ ಬಿಟ್ಟವರೆಲ್ಲ ಜೀವನಪೂರ್ತಿ ಗಾಜಿನ ಪಾತ್ರೆಯಂತೆ ಬದುಕಬೇಕಾಗಿಲ್ಲವೆಂದು ಹೊಸಬರಿಗೆ ತಿಳಿಯಬೇಕು.

ನಿದ್ದೆಗೆ ಕಾದವ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ರಾತ್ರಿ ಪಾಳಿ ಅವರಲ್ಲಿ ಇನ್ನೊಂದು ಪ್ರಶ್ನೆ. ಖಾಲಿ ಪುಟ ಅವರಿಗೆ ಆದಂತೆ ಆದರೆ ಮಾಡಿದ ಕಷ್ಟವೆಲ್ಲ ನೀರಿನಲ್ಲಿ ಹೋಮವಾಯಿತೆಂದೇ? ಮತ್ತೆ ಮೊದಲಿನಿಂದ ಶುರುವೇ? ನಾನು ಹೆಚ್ಚು ಹೆದರುತ್ತಿರುವುದು ಅದಕ್ಕೇ. ಮತ್ತು, ಹೇಳಲು ಸಂಕೋಚವಾಗುತ್ತದೆ, ಬೀರುವಿನಲ್ಲಿ ಹಳೆಯ ಮಾತ್ರೆಯ ಒಂದು ಪಟ್ಟಿ ಇನ್ನೂ ಇದೆ. ಏನಾದರೂ ಆದರೆ ಅದಿದೆಯಲ್ಲ ಎಂಬ ಧೈರ್ಯಕ್ಕೆ ಇಟ್ಟುಕೊಂಡಿದ್ದೇನೆ.

ರಾತ್ರಿ ಪಾಳಿ

ಮೊದಲು ಆ ಪಟ್ಟಿಯ ವಿಷಯ. ಅದನ್ನು ಔಷಧಿ ಅಂಗಡಿಯವರಿಗೋ ನಿಮ್ಮ ವೈದ್ಯರಿಗೋ ಒಪ್ಪಿಸಿಬಿಡಿ, ಶನಿವಾರಕ್ಕೆ ಮುಂಚೆಯೇ. ಕುಡಿದ ರಾತ್ರಿ ಮೂರು ಗಂಟೆಗೆ ಎದೆ ಹೊಡೆದುಕೊಳ್ಳುವಾಗ ಮನುಷ್ಯನ ಕೈ ತಾನಾಗಿಯೇ ಬೀರುವಿನ ಕಡೆಗೆ ಹೋಗುತ್ತದೆ. ಆ ಹೊತ್ತಿನಲ್ಲಿ ರಕ್ತದಲ್ಲಿ ಮದ್ಯ ಇನ್ನೂ ಇರಬಹುದು, ಮತ್ತು ಏಳು ತಿಂಗಳ ಬಿಡುವಿನಿಂದ ಮಾತ್ರೆಗೆ ನಿಮ್ಮ ಮೈಗಿದ್ದ ಒಗ್ಗಿಕೆ ಹೊರಟುಹೋಗಿರುತ್ತದೆ. ಹಿಂದೆ ನಿಮಗೆ ಏನೂ ಅನ್ನಿಸದ ಪ್ರಮಾಣವೇ ಈಗ ಅತಿಯಾಗಬಹುದು. ನಾನು ಕಂಡ ಕೆಟ್ಟ ರಾತ್ರಿಗಳಲ್ಲಿ ಕೆಲವು ಹೀಗೆಯೇ, ಮದ್ಯದ ಮೇಲೆ ಒಂದು ಹಳೆಯ ಮಾತ್ರೆಯಿಂದ ಶುರುವಾದವು.

ಇನ್ನು ಮೊದಲಿನಿಂದ ಶುರುವೇ ಎಂಬ ಪ್ರಶ್ನೆ. ಅಲ್ಲ. ಒಂದು ಸಂಜೆ ಕುಡಿದು ಕೆಲವು ದಿನ ಅಥವಾ ಕೆಲವು ವಾರ ನರಳಿದವರು ಸಾಮಾನ್ಯವಾಗಿ ತಾವಿದ್ದ ಜಾಗಕ್ಕೇ ಮರಳುವುದನ್ನು ನೋಡಿದ್ದೇನೆ. ಮಿದುಳು ಇಷ್ಟು ತಿಂಗಳಿನಲ್ಲಿ ಕಟ್ಟಿಕೊಂಡದ್ದು ಒಂದು ರಾತ್ರಿಯಲ್ಲಿ ಬಿದ್ದುಹೋಗುವುದಿಲ್ಲ. ಆದರೆ ಅದನ್ನೇ ಮತ್ತೆ ಮತ್ತೆ ಮಾಡಿದರೆ ಮಾತು ಬೇರೆ. ಕುಡಿತ ಬಿಡುವುದು, ಹಿಡಿಯುವುದು, ಮತ್ತೆ ಬಿಡುವುದು ಹೀಗೇ ಸುತ್ತು ಹೊಡೆದವರಲ್ಲಿ ಪ್ರತಿ ಸಲದ ಬಿಡುವಿಕೆಯೂ ಹಿಂದಿನದಕ್ಕಿಂತ ಉಗ್ರವಾಗುವುದು ವೈದ್ಯಕೀಯದಲ್ಲಿ ಚೆನ್ನಾಗಿ ಗೊತ್ತಿರುವ ಸಂಗತಿ. ಒಮ್ಮೆ ಕೆರಳಿದ ನರಕ್ಕೆ ಮುಂದಿನ ಸಲ ಕೆರಳಲು ಸಣ್ಣ ನೆಪ ಸಾಕು.

ನೀವು ಈಗ ಬೇರೆ ಯಾವ ಔಷಧಿ ತೆಗೆದುಕೊಳ್ಳುತ್ತಿದ್ದೀರಿ ಎಂಬುದನ್ನು ಬರೆದಿಲ್ಲ. ಮಾತ್ರೆ ಬಿಡಿಸುವಾಗ ಪ್ರಿಗಾಬಲಿನ್, ಗ್ಯಾಬಪೆಂಟಿನ್, ಟ್ರಜೊಡೋನ್ ಮೊದಲಾದವನ್ನು ಜೊತೆಗೆ ಕೊಡುವುದುಂಟು. ಜೋಲ್ಪಿಡೆಮ್‌ನಂಥ ನಿದ್ದೆಯ ಮಾತ್ರೆಗಳು ಅದೇ ಗಾಬಾ-ಎ ಗ್ರಾಹಕದ ಮೇಲೆಯೇ ಕೆಲಸ ಮಾಡುತ್ತವೆ. ಇವುಗಳಲ್ಲಿ ಯಾವುದಿದ್ದರೂ ಮದ್ಯ ಬೇಡವೇ ಬೇಡ.

ಜೊತೆಗಾತಿ

ನಾನು ಮಾತ್ರೆ ತೆಗೆದುಕೊಂಡವಳಲ್ಲ, ತೆಗೆದುಕೊಂಡವರ ಹೆಂಡತಿ. ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿ ಬರೆಯುತ್ತಿದ್ದೇನೆ.

ನಮ್ಮ ಯಜಮಾನರು ಲೊರಾಜೆಪಾಮ್ ಬಿಟ್ಟಾಗ ಮನೆಯವರೆಲ್ಲ ಸಂತೋಷಪಟ್ಟೆವು. ಮೂರನೆಯ ತಿಂಗಳಿನಲ್ಲಿ ನಿದ್ದೆ ಬಾರದ ಒಂದು ರಾತ್ರಿ ಒಂದು ಪೆಗ್ ಕುಡಿದರು, ನಿದ್ದೆ ಬಂತು. ಇಷ್ಟು ಒದ್ದಾಡಿದವರು, ಒಂದು ರಾತ್ರಿಯಾದರೂ ಮಲಗಲಿ ಎಂದು ನಾನೇ ಸುಮ್ಮನಾದೆ. ವಾರಕ್ಕೊಮ್ಮೆ ಇದ್ದದ್ದು ದಿನ ಬಿಟ್ಟು ದಿನವಾಯಿತು, ಆಮೇಲೆ ಪ್ರತಿ ರಾತ್ರಿಯಾಯಿತು. ಅವರು ಒಮ್ಮೆಯೂ ತೂರಾಡಲಿಲ್ಲ, ಒಮ್ಮೆಯೂ ದನಿ ಏರಿಸಲಿಲ್ಲ. ಕುಡುಕರ ಮನೆ ಎಂದರೆ ಹೀಗಿರುತ್ತದೆ ಎಂದು ನಾನು ಅಂದುಕೊಂಡಿದ್ದ ಯಾವುದೂ ನಮ್ಮ ಮನೆಯಲ್ಲಿ ಇರಲಿಲ್ಲ. ರಾತ್ರಿ ಒಂಬತ್ತೂವರೆಗೆ ಮಾತ್ರೆ ನುಂಗುತ್ತಿದ್ದ ಅದೇ ಸ್ಟೀಲಿನ ಲೋಟ, ಅದೇ ಕುರ್ಚಿ, ಅದೇ ಹೊತ್ತು. ಲೋಟದೊಳಗಿನದು ಮಾತ್ರ ಬೇರೆ. ಅದನ್ನು ನಾನು ಗಮನಿಸಿದ್ದು ಎಂಟು ತಿಂಗಳ ಮೇಲೆ.

ಒಂದು ದಿನ ಅವರೇ ಬೇಸತ್ತು ಇದ್ದಕ್ಕಿದ್ದಂತೆ ನಿಲ್ಲಿಸಿದರು. ಮರುದಿನ ಸಂಜೆ ಕೈ ನಡುಗಲು ಶುರುವಾಗಿ, ರಾತ್ರಿ ಫಿಟ್ಸ್ ಬಂತು. ಆಸ್ಪತ್ರೆಗೆ ಸೇರಿಸಿದೆವು, ಈಗ ಕ್ಷೇಮವಾಗಿದ್ದಾರೆ. ಅಲ್ಲಿ ಅವರಿಗೆ ಮೊದಲು ಕೊಟ್ಟ ಚುಚ್ಚುಮದ್ದು ಯಾವುದೆಂದು ಕೇಳಿದಾಗ ಲೊರಾಜೆಪಾಮ್ ಎಂದರು. ಆ ಹೆಸರು ಕಿವಿಗೆ ಬಿದ್ದಾಗ ನನಗಾದದ್ದನ್ನು ಬರೆಯಲು ಬರುವುದಿಲ್ಲ.

ರಾತ್ರಿ ಪಾಳಿ

ಜೊತೆಗಾತಿಯವರೇ, ಸುಮ್ಮನಾದೆನೆಂಬ ಭಾರವನ್ನು ನೀವು ಹೊರಬೇಕಾಗಿಲ್ಲ. ನಿದ್ದೆಯಿಲ್ಲದೆ ಒದ್ದಾಡುವವರನ್ನು ಪಕ್ಕದಲ್ಲೇ ಮಲಗಿ ನೋಡಿದ ಯಾರೂ ಆ ರಾತ್ರಿ ಬೇರೆ ಮಾಡುತ್ತಿರಲಿಲ್ಲ. ಆ ಚುಚ್ಚುಮದ್ದನ್ನು ಕೊಡಲೇಬೇಕಿತ್ತು. ಕೆಲವು ದಿನಗಳ ಮಟ್ಟಿಗೆ ಆಸ್ಪತ್ರೆಯಲ್ಲಿ ಕೊಟ್ಟದ್ದನ್ನು ಹಳೆಯ ಅವಲಂಬನೆ ಮರಳಿತೆಂದು ಎಣಿಸಬೇಡಿ.

ಬೇರೆಯವರಿಗಾಗಿ ಒಂದು ಎಚ್ಚರಿಕೆ. ದಿನವೂ ಕುಡಿಯುತ್ತಿರುವವರು ತಾವಾಗಿಯೇ ಒಮ್ಮೆಲೇ ನಿಲ್ಲಿಸಬಾರದು. ಕೊನೆಯ ಗ್ಲಾಸಿನ ನಂತರ 6ರಿಂದ 48 ಗಂಟೆಗಳೊಳಗೆ ಫಿಟ್ಸ್ ಬರಬಹುದು, ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಸನ್ನಿ ಹಿಡಿಯಬಹುದು. ಚಿಕಿತ್ಸೆಯಿಲ್ಲದಿದ್ದರೆ ಅದು ಪ್ರಾಣಕ್ಕೇ ಅಪಾಯ. ಹಿಂದೆ ಈ ಮಾತ್ರೆಗಳನ್ನು ವರ್ಷಗಟ್ಟಲೆ ತೆಗೆದುಕೊಂಡ ವಿಷಯವನ್ನು ವೈದ್ಯರಿಗೆ ಮೊದಲ ಮಾತಿನಲ್ಲೇ ತಿಳಿಸಿ.

ಮೂರನೆಯ ವರ್ಷ

ಜೊತೆಗಾತಿಯವರ ಬರಹವನ್ನು ಓದಿದ ಮೇಲೆ ನನ್ನ ಹಿಂದಿನ ಬರಹಕ್ಕೆ ಒಂದು ತಿದ್ದುಪಡಿ ಅಗತ್ಯವೆನಿಸಿತು. ನಾನು ತಿಂಗಳ ಲೆಕ್ಕ ಕೊಟ್ಟೆ, ಹದಿನೆಂಟು ಎಂದೆ. ಅದನ್ನು ಯಾರೂ ಅಳತೆಗೋಲಾಗಿ ಹಿಡಿಯಬೇಡಿ. ನಾನು ಅರ್ಧ ಗ್ಲಾಸು ಕುಡಿದ ದಿನಕ್ಕೆ ಮುಂಚೆ ನಾಲ್ಕು ತಿಂಗಳಿನಿಂದ ನನಗೆ ಯಾವ ತೊಂದರೆಯೂ ಇರಲಿಲ್ಲ, ನಿದ್ದೆ ತಾನಾಗಿ ಬರುತ್ತಿತ್ತು, ಆ ವೈನ್‌ನಿಂದ ನನಗೆ ಏನೂ ಬೇಕಾಗಿರಲಿಲ್ಲ. ಇದೇ ಮುಖ್ಯವಾದದ್ದೆಂದು ಈಗ ತಿಳಿಯುತ್ತಿದೆ. ಮೈಯಲ್ಲಿ ಇನ್ನೂ ತೊಂದರೆ ಉಳಿದಿರುವವನಿಗೆ ಮದ್ಯದಿಂದ ಒಂದಷ್ಟು ಪರಿಹಾರ ಸಿಕ್ಕೇ ಸಿಗುತ್ತದೆ, ಸಿಕ್ಕ ಪರಿಹಾರ ಮತ್ತೊಮ್ಮೆ ಕರೆಯುತ್ತದೆ. ನಿದ್ದೆಗೆ ಕಾದವರೇ, ನಿಮಗೆ ಕಿವಿಯ ಸದ್ದು ಇದೆ, ರಾತ್ರಿಯ ಎಚ್ಚರ ಇದೆ. ಏಳು ತಿಂಗಳಾಯಿತು ಎಂಬುದಕ್ಕಿಂತ ಅವು ಇನ್ನೂ ಇವೆ ಎಂಬುದಕ್ಕೆ ನಾನಾದರೆ ಹೆಚ್ಚು ಬೆಲೆ ಕೊಡುತ್ತಿದ್ದೆ.

ಖಾಲಿ ಪುಟ

ನಾನೂ ಒಪ್ಪುತ್ತೇನೆ. ಕೂಟದ ವಿಷಯಕ್ಕೆ ಒಂದು ಸಣ್ಣ ಸಲಹೆ: ಹೋದ ಕೂಡಲೇ ಕೈಯಲ್ಲಿ ಸೋಡಾವನ್ನೋ ಹಣ್ಣಿನ ರಸವನ್ನೋ ಹಿಡಿದುಕೊಳ್ಳಿ, ಖಾಲಿ ಕೈಯವರನ್ನೇ ಎಲ್ಲರೂ ಕೇಳುವುದು. "ಔಷಧಿಯಲ್ಲಿದ್ದೇನೆ" ಎಂದರೆ ಯಾರೂ ಬಲವಂತ ಮಾಡುವುದಿಲ್ಲ. ಮತ್ತೆ, ಕೆಲವು ಕೆಮ್ಮಿನ ಸಿರಪ್‌ಗಳಲ್ಲಿ, ಟಾನಿಕ್‌ಗಳಲ್ಲಿ ಆಲ್ಕೊಹಾಲ್ ಇರುತ್ತದೆ. ಶೀಶೆಯ ಮೇಲಿನ ಬರಹ ಓದಿ ಕೊಳ್ಳುವ ಅಭ್ಯಾಸ ನನಗೆ ಆ ಹನ್ನೊಂದು ದಿನಗಳ ನಂತರ ಬಂತು.

ನಿದ್ದೆಗೆ ಕಾದವ

ಶನಿವಾರ ಕಳೆದು ಇಂದಿಗೆ ನಾಲ್ಕನೆಯ ದಿನ. ಸಹಾಯ ಮಾಡಿದವರಿಗೆ ವಿಷಯ ತಿಳಿಸುವುದು ನನ್ನ ಕರ್ತವ್ಯ.

ಶುಕ್ರವಾರವೇ ಹಳೆಯ ಪಟ್ಟಿಯನ್ನು ಔಷಧಿ ಅಂಗಡಿಯಲ್ಲಿ ಕೊಟ್ಟು ಬಂದೆ. ಒಂಬತ್ತು ಮಾತ್ರೆಗಳಿದ್ದವು. ಕೊಡುವಾಗ ಕೈ ಒಂದು ಕ್ಷಣ ಹಿಂಜರಿದದ್ದು ನಿಜ. ಕೂಟಕ್ಕೆ ಹೋದೆ, ಕುಡಿಯಲಿಲ್ಲ. ಒಂದು ಹೊತ್ತಿನಲ್ಲಿ ಗದ್ದಲ ಹೆಚ್ಚಾಗಿ ತಲೆ ಹಗುರಾದಂತಾಯಿತು, ಆಗ ಪಕ್ಕದವರ ಗ್ಲಾಸಿನ ಮೇಲೆ ಕಣ್ಣು ಹೋಯಿತು. ಗೆಳೆಯರ ಜೊತೆಗಿನ ಖುಷಿಗೆ ಕುಡಿಯಬೇಕೆನಿಸುತ್ತದೆ ಎಂದು ನಾನು ಅಂದುಕೊಂಡಿದ್ದೆ. ನಿಜವಾಗಿ ಬೇಕೆನಿಸಿದ್ದು ಆ ಗದ್ದಲ ನಿಲ್ಲಲಿ ಎಂಬುದಕ್ಕೆ. ಎದ್ದು ಹೊರಗೆ ಹೋಗಿ, ಹತ್ತು ನಿಮಿಷ ನಡೆದು ಒಳಗೆ ಬಂದೆ.

ಇಂದು ವೈದ್ಯರಿಗೆ ಮತ್ತೆ ಸಮಯ ಕೇಳಿದ್ದೇನೆ. ನಿಮ್ಮ ಮಾತುಗಳಿಂದ ಹುಟ್ಟಿದ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟಿದ್ದೇನೆ, ಒಟ್ಟು ಆರು. ಹಾಳೆಯನ್ನು ಅವರ ಮೇಜಿನ ಮೇಲೆ ಇಟ್ಟು, ಆರಕ್ಕೂ ಉತ್ತರ ಸಿಕ್ಕ ಮೇಲೆಯೇ ಏಳುತ್ತೇನೆ. ಜೊತೆಗಾತಿಯವರೇ, ಯಜಮಾನರು ಈಗ ಹೇಗಿದ್ದಾರೆ?

ಜೊತೆಗಾತಿ

ಕೇಳಿದ್ದಕ್ಕೆ ಸಂತೋಷವಾಯಿತು. ನಿನ್ನೆ ರಾತ್ರಿ ಐದು ಗಂಟೆ ಮಲಗಿದರು. ಆ ಕುರ್ಚಿಯನ್ನು ಮಗ ತನ್ನ ಕೋಣೆಗೆ ಒಯ್ದಿದ್ದಾನೆ.